ಪಾಲಿಗೆ ಬಂದ ಕಡಲು

ನೀರು ಬೆಚ್ಚಗಿತ್ತು. ಆಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಬಿಸುಪಿನಂತೆ ಅದು ತೊಡೆಗಳಿಗೆ ಅಂಟಿಕೊಂಡಾಗ ಹಮ್ಮಾದಿಗೆ ಹೇಸಿಗೆಯಾಯಿತು. ಖರ್ಜೂರ ಕೆಂಪಾಗುವ ಈ ದಿನಗಳಲ್ಲಿ ಹಿಂದೆಲ್ಲ ಕಡಲಿಗೆ ಇಳಿದರೆ ಮೈ ಜುಮ್ಮೆನ್ನುತ್ತಿತ್ತು. ಅಪ್ಪ ದೋಣಿಯಂಚಿನಲ್ಲಿ ಕೂತು ಅಂಗೈಯಲ್ಲಿ ನೀರೆತ್ತಿ ಕತ್ತಿನ ಹಿಂದೆ ಸವರಿಕೊಂಡು, ಬಿಸ್ಮಿಲ್ಲಾ ಎಂದು ಹಲ್ಲು ಕಚ್ಚಿ ಇಳಿಯುತ್ತಿದ್ದ. ಇಳಿದ ಮೇಲೆ ಯಾರಿಗೋ ಟೋಪಿ ಹಾಕಿ ಗೆದ್ದವನಂತೆ ನಗುತ್ತಿದ್ದ. ಈಗ ಇಳಿಯುವುದಕ್ಕೆ ಧೈರ್ಯ ಬೇಕಿಲ್ಲ, ನಿಂತುಕೊಳ್ಳುವುದಕ್ಕೆ ಬೇಕು. ಅವನ ಕಾಲಡಿಯಲ್ಲಿ ಕಡಲಹುಲ್ಲು ಇರಲಿಲ್ಲ. ಹುಲ್ಲಿರಬೇಕಾದ ಕಡೆ ನೇಗಿಲಿನಿಂದ ಗೀರಿದಂತೆ ಉದ್ದಕ್ಕೆ ಒಂದು ಹಳ್ಳ, ಹಳ್ಳದ ಎರಡೂ ಬದಿಗೆ ಸಡಿಲ ಕೆಸರು. ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಅವನ ಪಾದಗಳಿಗೆ ಗೊತ್ತಿತ್ತು. ಪಾದಕ್ಕೆ ಗೊತ್ತಿರುವುದು ಮುಖದಲ್ಲಿ ಕಂಡುಬಿಟ್ಟೀತೆಂದು ಅವನು ಮುಖವನ್ನು ದಡದ ಕಡೆ ತಿರುಗಿಸಿಕೊಂಡು ನಿಂತಿದ್ದ.

"ಎಂತ ನೋಡ್ತಿ ಅಲ್ಲಿ? ಹೆಂಡತಿ ಬರ್ತಾಳಾ?" ಎಂದ ತಾಹರ್ ಕಾಕ. "ಗರಿ ಕೊಡು."

ಹಮ್ಮಾದಿ ದೋಣಿಯೊಳಗಿಂದ ಖರ್ಜೂರದ ಗರಿಯೊಂದನ್ನು ಎಳೆದು ಕೊಟ್ಟ. ಕಾಕ ಅದರ ಬುಡವನ್ನು ಕೆಸರಿಗೆ ಊರಿ, ಎದೆಯ ಭಾರ ಹಾಕಿ ಒತ್ತಿ, ಪಕ್ಕದ ಗರಿಗೆ ಹುಲ್ಲುಹಗ್ಗದಿಂದ ಬಿಗಿದ. ಅಪ್ಪನ ತಮ್ಮ, ಹೆಂಡತಿ ತೀರಿಕೊಂಡು ವರ್ಷಗಳಾದವು, ಮಕ್ಕಳಿಲ್ಲ, ಕಣ್ಣಿಗೆ ಪೊರೆ. ಆದರೂ ಗಂಟು ಹಾಕುವಾಗ ಆ ಬೆರಳುಗಳು ತಡವರಿಸುತ್ತಿರಲಿಲ್ಲ. ಕರ್ಕೆನ್ನಾ ದ್ವೀಪದಲ್ಲಿ ಹೊಲಕ್ಕೆ ಇರುವ ಹಾಗೆ ಕಡಲಿಗೂ ಪಾಲುಂಟು. ತಾತ ಬಿಟ್ಟುಹೋದ ಪಾಲಿನಲ್ಲಿ ಮೊಮ್ಮಗ ಗರಿ ನೆಡುತ್ತಾನೆ. ಗರಿಗಳ ಬೇಲಿ ನೀರಿನಲ್ಲಿ ಎರಡು ತೋಳು ಚಾಚಿ ನಿಲ್ಲುತ್ತದೆ. ನೀರಿಳಿಯುವಾಗ ಮೀನು ಬೇಲಿಯ ಗುಂಟ ಬಂದು, ತುದಿಯ ಕೋಣೆಗೆ ಹೊಕ್ಕು, ಹೊಕ್ಕ ಬಾಗಿಲು ಕಾಣದೆ ಅಲ್ಲೇ ಸುತ್ತುತ್ತದೆ. ಅಪ್ಪ ಸತ್ತ ಮೇಲೆ ಹಮ್ಮಾದಿ ತನ್ನ ಪಾಲಿನ ಬೇಲಿಯನ್ನು ಹಾಗೇ ಬಿಟ್ಟುಬಿಟ್ಟಿದ್ದ; ಒಂದೆರಡು ಚಳಿಗಾಲದಲ್ಲಿ ಅದು ಕೊಳೆತು, ಆಮೇಲೆ ಎಲ್ಲಿತ್ತೆಂದು ಹುಡುಕುವುದೂ ಕಷ್ಟವಾಯಿತು. ಕಾಕನದ್ದು ಮಾತ್ರ ಪ್ರತಿ ವರ್ಷ ಎದ್ದು ನಿಲ್ಲುತ್ತಿತ್ತು. ಈ ಸಲ ಎದ್ದು ನಿಂತದ್ದರ ಒಂದು ತೋಳನ್ನು ಯಾರೋ ಮುರಿದುಹಾಕಿದ್ದರು.

"ಆಚೆ ದಡದ ಸ್ಫಾಕ್ಸಿನವರೇ," ಎಂದ ಕಾಕ, ಹಗ್ಗವನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಾ. "ತಳ ಗುಡಿಸುವ ಬಲೆ. ಕಡಲನ್ನ ಬೋಳಿಸ್ತಾರೆ ಮಾರಾಯ, ಹಜಾಮರು. ಅವರಿಗೆ ಇಲ್ಲಿ ಬೇಲಿ ಉಂಟು ಅಂತ ಗೊತ್ತಿಲ್ಲವಾ? ನಮ್ಮ ಊರಿನವನು ಆಗಿದ್ರೆ ಸುತ್ತು ಹಾಕಿ ಹೋಗ್ತಿದ್ದ. ಅಲ್ಲವಾ?"

"ಹೌದು ಕಾಕ."

ಹೌದು ಎಂದದ್ದು ಎಷ್ಟು ಸಲೀಸಾಗಿತ್ತು. ಆ ಬೆಳಗಿನ ಜಾವ ಕೂಡ ಎಲ್ಲ ಸಲೀಸಾಗಿಯೇ ಆಗಿತ್ತು. ಸಾದಕ್‌ನ ದೋಣಿ, ಸಾದಕ್‌ನ ಬಲೆ. ಸಾದಕ್ ಹಮ್ಮಾದಿಯ ಹೆಂಡತಿಯ ಅಣ್ಣ. ಮಂಜಿನಲ್ಲಿ ಬಲೆ ಎಲ್ಲೋ ತಡೆದಿತ್ತು. ಕಲ್ಲಿಗೆ ಸಿಕ್ಕಿದಾಗ ಹಗ್ಗ ಬಿಗಿಯಾಗಿ ಗುಂಯ್‌ಗುಡುತ್ತದೆ. ಇದು ಹಾಗಿರಲಿಲ್ಲ, ಬಟ್ಟೆ ಹರಿಯುವ ಹಾಗೆ ಒಂದೊಂದಾಗಿ ಬಿಟ್ಟುಕೊಡುತ್ತಿತ್ತು. ಅದು ಏನೆಂದು ಹಮ್ಮಾದಿಗೆ ತಿಳಿದಿತ್ತು. ತಿಳಿದದ್ದನ್ನು ಹೇಳುವಷ್ಟು ಸಮಯವೂ ಇತ್ತು. ಸಾದಕ್ ತಿರುಗಿ ನೋಡದೆ 'ಎಳಿ' ಅಂದ, ಇವನು ಎಳೆದ. ಬಲೆ ಮೇಲೆ ಬಂದಾಗ ಅದರಲ್ಲಿ ಹುಲ್ಲಿನ ಜೊತೆ ಗರಿಗಳಿದ್ದವು, ಗರಿಗಳ ಮೇಲೆ ಕಾಕನ ಗಂಟುಗಳಿದ್ದವು. ಅವನ್ನು ಒಂದೊಂದಾಗಿ ನೀರಿಗೆ ಎಸೆಯುವಾಗ ಹಮ್ಮಾದಿಗೆ ಹೊಳೆದದ್ದು, ತಾನು ಅವನ್ನು ಮೆಲ್ಲಗೆ, ಸದ್ದಾಗದ ಹಾಗೆ ಎಸೆಯುತ್ತಿದ್ದೇನೆ ಎಂಬುದು. ಯಾರಿಗೆ ಕೇಳಬಾರದೆಂದು?

ಕಾಕ ಬೇಲಿಯ ತುದಿಯ ಕೋಣೆಗೆ ಹೋಗಿ ಬಗ್ಗಿ ಬೋನನ್ನು ಎತ್ತಿದ. ನೀರು ಸೋರಿ ಹೋದ ಮೇಲೆ ಉಳಿದದ್ದು ಏಡಿಗಳು, ನೀಲಿ ಕಾಲಿನವು, ಒಂದರ ಮೇಲೊಂದು ಹತ್ತಿ ಕಟಕಟ ಎನ್ನುವವು. ಅವುಗಳ ನಡುವೆ ಬೆನ್ನೆಲುಬು ಮಾತ್ರ ಉಳಿದ ಒಂದು ಮೀನು. ತಲೆ ಹಾಗೇ ಇತ್ತು, ಕಣ್ಣು ತೆರೆದೇ ಇತ್ತು. ನೀರು ಬಿಸಿಯಾಗುತ್ತಾ ಬಂದ ಹಾಗೆ ದಕ್ಷಿಣದ ಕಡಲುಗಳಿಂದ ಹತ್ತಿ ಬಂದ ಏಡಿ ಅದು. ಬಲೆ ಕತ್ತರಿಸಿ, ಸಿಕ್ಕ ಮೀನನ್ನು ಸಿಕ್ಕಲ್ಲೇ ತಿಂದು ಮುಗಿಸುವ ಅದಕ್ಕೆ ಊರವರು, ಟಿವಿಯ ಯುದ್ಧದ ಸುದ್ದಿಯಲ್ಲಿ ಕೇಳಿದ್ದ ದಾಯಿಷ್ ಪಡೆಯ ಹೆಸರನ್ನೇ ಇಟ್ಟಿದ್ದರು.

"ಬಂದರು ನೋಡು ದಾಯಿಷ್ ನೆಂಟರು," ಎಂದ ಕಾಕ. "ಕರೆಯದೆ ಬರ್ತಾರೆ, ಉಣ್ತಾರೆ, ಆಮೇಲೆ ತಟ್ಟೆಯನ್ನೂ ಕಚ್ಚಿ ಹೋಗ್ತಾರೆ." ಒಂದು ಏಡಿಯನ್ನು ಬೆನ್ನಿನಿಂದ ಹಿಡಿದೆತ್ತಿ ಕಣ್ಣಿನ ಹತ್ತಿರ ತಂದು ನೋಡಿದ. ಆಮೇಲೆ ಅದೇ ದನಿಯಲ್ಲಿ, "ಹಮ್ಮಾದಿ, ಇದನ್ನ ನಿನಗೆ ಕೊಡ್ತೇನೆ," ಎಂದ.

"ಏನನ್ನ?"

"ಈ ಏಡಿಯನ್ನ. ಏನನ್ನ ಅಂತೆ! ಪಾಲನ್ನ ಮಾರಾಯ. ಈ ನೀರನ್ನ. ಇನ್ನು ನನ್ನ ಕೈಲಿ ಆಗೋದಿಲ್ಲ. ಗರಿಗೂ ದಿಕ್ಕಿಲ್ಲ, ನನ್ನ ಮರಗಳೆಲ್ಲ ಉಪ್ಪು ಕುಡಿದು ಸತ್ತವು. ನಿನ್ನ ಅಪ್ಪನ ಪಾಲು ಹೋಯ್ತು, ಹೋಗ್ಲಿ. ಇದಾದರೂ ಇರ್ಲಿ. ಇವತ್ತೇ ಕಾಫಿ ಅಂಗಡಿಯಲ್ಲಿ ಎಲ್ಲರ ಎದುರಿಗೆ ಹೇಳಿಬಿಡ್ತೇನೆ."

ಬೇಡ ಎನ್ನಬೇಕಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂಬುದಕ್ಕೆ ಉತ್ತರ ಇಬ್ಬರ ಕಾಲಡಿಯಲ್ಲೂ ಬಿದ್ದುಕೊಂಡಿತ್ತು. ಹಮ್ಮಾದಿ ಇನ್ನೊಂದು ಗರಿ ಎಳೆದು ಕೊಟ್ಟ. ಕಾಕ ಅದನ್ನು ಒಪ್ಪಿಗೆ ಎಂದುಕೊಂಡ.

ಕಾಫಿ ಅಂಗಡಿಯಲ್ಲಿ ಗಂಡಸರು ಎಂದಿನ ಹಾಗೆ ಗೋಡೆಗೆ ಬೆನ್ನು ಹಾಕಿ ಕೂತಿದ್ದರು. ಬೇಲಿ ಮುರಿದದ್ದು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಇದನ್ನು ಹಮ್ಮಾದಿ ಬಾಗಿಲಿನಲ್ಲೇ ಕಂಡುಕೊಂಡ. ಕಾಕನನ್ನು ನೋಡಿದ ಕಣ್ಣುಗಳು ತನ್ನ ಮೇಲೆ ಬಂದು, ಒಂದು ಕ್ಷಣ ಕೂತು, ಇಸ್ಪೀಟೆಲೆಗಳಿಗೆ ಇಳಿದ ರೀತಿಯಲ್ಲೇ ಕಂಡುಕೊಂಡ. ಚಿಕ್ಕ ಊರು. ಯಾವ ದೋಣಿ ಯಾವ ಜಾವಕ್ಕೆ ಹೊರಟಿತು, ಏನು ಹೊತ್ತು ಬಂತು ಎಂಬುದು ದಡಕ್ಕೆ ಬರುವ ಮೊದಲೇ ಇಲ್ಲಿಗೆ ಬಂದಿರುತ್ತದೆ. ಬಾರದಿದ್ದದ್ದು ಕಾಕನ ಕಿವಿಗೆ ಮಾತ್ರ. ಮುದುಕನಿಗೆ ಯಾರೂ ಹೇಳಿರಲಿಲ್ಲ, ಮರ್ಯಾದೆಗೋ, ಕರುಣೆಗೋ, ಅಥವಾ ಅವರಲ್ಲೂ ಅರ್ಧ ಜನ ಅಂಥದೇ ಬಲೆ ಎಳೆಯುವವರಾದದ್ದಕ್ಕೋ. ಮೂಲೆಯ ಮೇಜಿನಲ್ಲಿ ಸಾದಕ್ ಎಲೆ ಹಿಡಿದು ಕೂತಿದ್ದ.

ಕಾಕ ನಡುವೆ ನಿಂತು, ಮದುವೆ ಮಾತಿಗೆ ಬಂದವನ ಹಾಗೆ ಗಂಟಲು ಸರಿಮಾಡಿಕೊಂಡು, ತನ್ನ ಪಾಲು ಇವತ್ತಿನಿಂದ ಅಣ್ಣನ ಮಗನದ್ದು, ಅಲ್ಲಾಹನೂ ನೀವೂ ಸಾಕ್ಷಿ ಎಂದ. ಕಾಫಿ ಯಂತ್ರ ಒಮ್ಮೆ ಬುಸುಗುಟ್ಟಿ ಸುಮ್ಮನಾಯಿತು. ಆಗ ಹೆದಿ, ಕ್ಷೌರದಂಗಡಿಯವನು, ಎಲೆಗಳಿಂದ ಕಣ್ಣೆತ್ತದೆ ಹೇಳಿದ: "ಒಳ್ಳೇದಾಯ್ತು ಕಾಕ. ಹಮ್ಮಾದಿಗೆ ಆ ಜಾಗ ಚೆನ್ನಾಗಿ ಗೊತ್ತುಂಟು. ತಳದವರೆಗೂ ಗೊತ್ತುಂಟು."

ನಗು ಒಂದೇ ಸಲ ಬರಲಿಲ್ಲ. ಒಬ್ಬ ಕೆಮ್ಮಿದ, ಇನ್ನೊಬ್ಬ ಮೂಗಿನಿಂದ ಗಾಳಿ ಬಿಟ್ಟ, ಆಮೇಲೆ ಎಲ್ಲರೂ ನಕ್ಕರು. ಕಾಕನೂ ನಕ್ಕ. "ಗೊತ್ತಿರದೆ ಏನು? ನನ್ನ ಹೆಗಲ ಮೇಲೆ ಕೂತು ನೋಡಿದ ನೀರು ಅದು," ಎಂದ. ಆ ನಗುವಿನಲ್ಲಿ ತಾನೊಬ್ಬನೇ ನಗದೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಹಮ್ಮಾದಿಯೂ ತುಟಿ ಅಗಲಿಸಿದ. ಎದುರಿನ ಕನ್ನಡಿಯಲ್ಲಿ ಆ ತುಟಿಗಳನ್ನು ಕಂಡ: ಮೊಳೆ ಹೊಡೆದು ಎರಡು ಕಡೆಗೆ ಎಳೆದು ಕಟ್ಟಿದ ಹಾಗಿದ್ದವು. ಸಾದಕ್ ಎಲ್ಲರಿಗೂ ಕಾಫಿ ಹೇಳಿದ. ಕಾಕ ಅವನ ತಲೆ ಮುಟ್ಟಿ ಹರಸಿದ.

ಹೊರಗೆ, ಮೋಟಾರ್‌ಸೈಕಲ್ಲಿನ ಪಕ್ಕದಲ್ಲಿ ಸಾದಕ್ ಅವನ ಭುಜ ಹಿಡಿದುಕೊಂಡ. "ಅದೃಷ್ಟ ಅಂದರೆ ಇದು, ಭಾವ."

"ಎಂಥ ಅದೃಷ್ಟ?"

"ಅರ್ಥ ಆಗಲಿಲ್ಲವಾ? ಮುದುಕ ನಾಳೆ ಕಡಲ ಕಾವಲಿನವರಿಗೆ ದೂರು ಕೊಟ್ಟರೆ ಅಂತ ನನಗೆ ನಿದ್ದೆ ಇರಲಿಲ್ಲ. ಈಗ ದೂರು ಕೊಡುವವನು ಯಾರು? ನೀನು. ಯಾರ ಮೇಲೆ? ನಿನ್ನ ಮೇಲೆ." ಅವನು ಮನಸಾರೆ ನಕ್ಕ. ಅವನಲ್ಲಿ ಕೆಡುಕು ಇರಲಿಲ್ಲ. ಇದ್ದಿದ್ದರೆ ಹಮ್ಮಾದಿಗೆ ಸುಲಭವಾಗುತ್ತಿತ್ತು. ಕೆಲಸವಿಲ್ಲದೆ ಬಿದ್ದಿದ್ದಾಗ ಕರೆದು ದೋಣಿಗೆ ಹತ್ತಿಸಿಕೊಂಡವನು, ಈದ್‌ಗೆ ತಂಗಿಯ ಮನೆಗೆ ಕುರಿ ಕಳಿಸುವವನು. "ಆ ಬೇಲಿಯ ಆಚೆ ನೀರಡಿಯ ಕಾಲುವೆಯಲ್ಲಿ ಇನ್ನೂ ಹುಲ್ಲುಂಟು. ಹುಲ್ಲಿದ್ದಲ್ಲಿ ಸಿಗಡಿ. ನಾಳೆ ಜಾವಕ್ಕೆ ಹೋಗುವ. ನಿನ್ನದೇ ನೀರು, ಕೇಳುವವರು ಯಾರು?"

"ಈಗಷ್ಟೇ ಕೊಟ್ಟಿದ್ದಾನೆ, ಭಾವ. ಒಂದು ನಾಲ್ಕು ದಿನ..."

"ನಾಲ್ಕು ದಿನ ಬಿಟ್ಟರೆ ಬೇರೆಯವರು ಎಳೀತಾರೆ. ಯಾರೋ ಎಳೆಯೋದು ಖಂಡಿತ. ನಾವು ಬಿಟ್ಟದ್ದಕ್ಕೆ ಕಡಲು ನಮಗೆ ಸಲಾಂ ಹೇಳ್ತದಾ?"

ಸಾದಕ್‌ನ ಮಾತುಗಳು ಯಾವಾಗಲೂ ನಿಜವಾಗಿರುತ್ತಿದ್ದವು. ಮನೆಗೆ ನಡೆದು ಬರುವಾಗ ಹಮ್ಮಾದಿ ಮನಸ್ಸಿನಲ್ಲೇ ಉತ್ತರಗಳನ್ನು ಕಟ್ಟುತ್ತಾ, ಕೆಡವುತ್ತಾ ಬಂದ. ರಸ್ತೆಯ ಎಡಕ್ಕೆ, ಹಿಂದೆ ಬಾರ್ಲಿ ಬೆಳೆಯುತ್ತಿದ್ದ ತಗ್ಗಿನಲ್ಲಿ ಕಡಲಿನ ನೀರು ಒಳಗೆ ಬಂದು ಒಣಗಿ ಬಿಳಿ ಉಪ್ಪಿನ ಪೊರೆ ಬಿಟ್ಟಿತ್ತು. ಅದರ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕಿತು. ಕಡಲು ಹೊರಗಿನಿಂದಲೂ ಬರುತ್ತದೆ, ನೆಲದ ಒಳಗಿನಿಂದಲೂ ಬರುತ್ತದೆ, ಮೇಲೆ ಬಿಸಿಲು ಕಾಯುತ್ತದೆ, ಕೆಳಗೆ ನಾವು ಕೆರೆಯುತ್ತೇವೆ. ಇದರಲ್ಲಿ ನನ್ನ ಪಾಲು ಎಷ್ಟು? ಹಾಗೆ ಕೇಳಿಕೊಂಡಾಗ ಒಂದು ಗಳಿಗೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯಾಗಿ ಮತ್ತೆ ಭಾರವಾಯಿತು.

ಮನೆಗೆ ಸುದ್ದಿ ಮೊದಲೇ ತಲುಪಿತ್ತು. ಜಲೀಲಾ ಬಾಗಿಲಿಗೇ ಬಂದಳು, ಕೈಯಲ್ಲಿ ಹಿಟ್ಟು. "ನಮ್ಮ ಹೆಸರಿಗೂ ಏನೋ ಒಂದು ಆಯ್ತಲ್ಲ," ಎಂದಳು. ಮದುವೆಯಾಗಿ ಬಂದ ಹೊಸತರಲ್ಲಿ ಕಂಡಿದ್ದ ಒಂದು ಬೆಳಕು ಅವಳ ಮುಖದಲ್ಲಿತ್ತು. "ಇನ್ನು ಅಣ್ಣನ ದೋಣಿಯಲ್ಲಿ ಕೂಲಿಯವನ ಹಾಗೆ ಹೋಗೋದು ಬೇಡ. ಅವನ ಹೆಂಡತಿ ನನ್ನನ್ನ ನೋಡುವ ನೋಟ ನಿಮಗೆ ಗೊತ್ತಿಲ್ಲ."

"ಅದರಲ್ಲಿ ಏನಿದೆ ಅಂತ ಹಾಗೆ ಹೇಳ್ತಿ? ಏಡಿ ಉಂಟು."

"ಏಡಿ ಕೊಳ್ಳುವವರೂ ಈಗ ಬರ್ತಾರಂತೆ. ಎಲ್ಲದಕ್ಕೂ ಮುಖ ಸಿಂಡರಿಸಬೇಡಿ. ಕಾಕ ಪ್ರೀತಿಯಿಂದ ಕೊಟ್ಟದ್ದು."

ಪ್ರೀತಿಯಿಂದ ಎಂಬ ಮಾತು ಕೇಳಿದ ಮೇಲೆ ಅವನು ಉಣ್ಣಲಿಲ್ಲ. ಕಾಕನಿಗೆ ಹೇಳಿಬಿಡಬೇಕು, ಅಷ್ಟೆ. ಹೇಳಿದರೆ ಬಯ್ಯುತ್ತಾನೆ, ಮುಖಕ್ಕೆ ಉಗಿಯುತ್ತಾನೆ, ಕೊಟ್ಟದ್ದನ್ನು ವಾಪಸು ಕಿತ್ತುಕೊಳ್ಳುತ್ತಾನೆ. ಉಗಿಸಿಕೊಳ್ಳುವ ಆ ಗಳಿಗೆಯನ್ನು ನೆನೆದಾಗ ಹಮ್ಮಾದಿಗೆ, ದಾಹವಾದವನಿಗೆ ನೀರು ನೆನಪಾದ ಹಾಗೆ ಆಯಿತು.

ಸಂಜೆಯ ಬಿಸಿಲಿನಲ್ಲಿ ಕಾಕ ಅಂಗಳದಲ್ಲಿ ಕೂತು ಕೆಂಡದ ಮೇಲೆ ಚಹಾ ಕಾಯಿಸುತ್ತಿದ್ದ. ಅವನ ಹಿಂದೆ ತಲೆಯಿಲ್ಲದ ಖರ್ಜೂರದ ಕಾಂಡಗಳು ಸಾಲಾಗಿ ನಿಂತಿದ್ದವು. "ಬಾ, ಮಾಲೀಕ," ಎಂದ. ತಮಾಷೆಗೆ ಸ್ವಲ್ಪ ಎದ್ದು ಜಾಗ ಬಿಟ್ಟುಕೊಟ್ಟ. ಆ ಎದ್ದದ್ದನ್ನು ಹಮ್ಮಾದಿಗೆ ತಡೆಯಲಾಗಲಿಲ್ಲ. ಕೂರದೆ, ಚಪ್ಪಲಿ ಬಿಡದೆ, ಹೇಳಿದ.

"ಕಾಕ, ಬೇಲಿ ಮುರಿದದ್ದು ಸ್ಫಾಕ್ಸಿನವರಲ್ಲ. ಸಾದಕ್‌ನ ದೋಣಿ. ನಾನಿದ್ದೆ ಅದರಲ್ಲಿ. ಬಲೆ ಎಳೆದದ್ದು ನಾನು."

ಕಾಕ ಚಹಾದ ಪಾತ್ರೆಯನ್ನು ಕೆಂಡದಿಂದ ಇಳಿಸಿದ. ಮುಚ್ಚಳ ತೆಗೆದು ಒಳಗೆ ನೋಡಿದ. ಪುನಃ ಮುಚ್ಚಿದ. ಹಮ್ಮಾದಿ ಕಾದ. ಆ ಮುಖದಲ್ಲಿ ಸಿಟ್ಟು ಎಲ್ಲಿಂದ ಏಳುತ್ತದೆಂದು ಕಣ್ಣಿನಿಂದ ಕಣ್ಣಿಗೆ, ಹುಬ್ಬಿಗೆ, ದವಡೆಗೆ ಹುಡುಕಿದ.

"ಬೇಲಿ ಅಂತ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಹಂ." ಕಡ್ಡಿಯಿಂದ ಕೆಂಡ ಕೆದಕಿ ಕೇಳಿದ: "ಬಲೆಯಲ್ಲಿ ಏನು ಬಂತು?"

"ಏನು?"

"ಕೇಳಿದ್ದು ಕೇಳಲಿಲ್ಲವಾ? ಬಲೆಯಲ್ಲಿ ಎಂತ ಬಂತು ಅಂತ. ಅಷ್ಟು ದೂರ ಎಳೆದಿರಲ್ಲ. ನನ್ನ ನೀರಿನಿಂದ ಹಿಡಿದು ಆಚೆ ಆಳದವರೆಗೆ. ಏನು ಸಿಕ್ಕಿತು?"

"ಏನಿಲ್ಲ ಕಾಕ. ಹುಲ್ಲು. ಏಡಿ. ಬೆರಳಿನಷ್ಟು ಮರಿಗಳು ಒಂದು ಬುಟ್ಟಿ."

"ದೊಡ್ಡ ಮೀನು?"

"ಇಲ್ಲ."

"ಆಕ್ಟೋಪಸ್? ಒಂದಾದರೂ?"

"ಇಲ್ಲ ಕಾಕ."

ಆಗ ಕಾಕನ ಮುಖದಲ್ಲಿ ಏನೋ ಜಾರಿತು. ಸಿಟ್ಟಲ್ಲ. ಅವನ ಬಾಯಿ ಸ್ವಲ್ಪ ತೆರೆದುಕೊಂಡು, ಮುಚ್ಚಿಕೊಳ್ಳುವುದನ್ನು ಮರೆತ ಹಾಗೆ ಇತ್ತು. "ನನ್ನ ಬೇಲಿ ಹಳೇದಾಯ್ತು, ಕಣ್ಣು ಕಾಣೋದಿಲ್ಲ, ಗರಿ ಸರಿಯಾಗಿ ನೆಡಲಿಲ್ಲ, ಅದಕ್ಕೇ ಮೀನು ಹತ್ತಿರ ಬರೋದಿಲ್ಲ ಅಂತ ಅಂದ್ಕೊಂಡಿದ್ದೆ," ಎಂದ. "ಆಚೆ ಉಂಟು ಅಂದ್ಕೊಂಡಿದ್ದೆ. ಆಳದಲ್ಲಿ. ತಂಪು ನೀರಿಗೆ ಹೋಗಿ ಕೂತಿವೆ, ಕಾಲ ಸರಿಹೋದ ಮೇಲೆ ಬರ್ತವೆ ಅಂತ." ಅವನು ಲೋಟಕ್ಕೆ ಚಹಾ ಸುರಿದ. ಲೋಟ ತುಂಬಿದ ಮೇಲೂ ಸುರಿಯುತ್ತಿದ್ದ. ಹಮ್ಮಾದಿ ಬಗ್ಗಿ ಪಾತ್ರೆಯನ್ನು ಅವನ ಕೈಯಿಂದ ತೆಗೆದುಕೊಂಡ.

"ಪಾಲನ್ನು ವಾಪಸ್ ತಗೊಳ್ಳಿ ಕಾಕ."

"ಯಾಕೆ?"

"ನಾನು ಹೇಳಿದ್ದು ಕೇಳಿತಲ್ಲ?"

"ಕೇಳಿತು. ತಗೊಂಡು ಏನು ಮಾಡ್ಲಿ? ಹತ್ತು ಜನರ ಮುಂದೆ ಕೊಟ್ಟದ್ದು, ಇನ್ನೊಂದು ಸಲ ಅವರ ಮುಂದೆ ನಿಂತು ಏನಂತ ಹೇಳ್ಲಿ? ನನ್ನ ಅಣ್ಣನ ಮಗ ಕಳ್ಳ ಅಂತ್ಲಾ?" ಕಾಕ ಅವನನ್ನು ನೋಡಲಿಲ್ಲ. "ನಿನ್ನದೇ ಅದು. ಅಂಗಡಿಯಲ್ಲಿ ಅವರು ಯಾಕೆ ನಕ್ಕರು ಅಂತ ಈಗ ಗೊತ್ತಾಯ್ತು. ನಾನೂ ನಕ್ಕೆನಲ್ಲ ಮಾರಾಯ, ಅದು ಕೆಟ್ಟದು. ಹೋಗು ಈಗ. ಚಹಾ ಕುಡಿದು ಹೋಗು."

ಚೆಲ್ಲಿದ ಲೋಟವನ್ನು ಅವನೇ ಮುಂದೆ ಸರಿಸಿದ. ಹಮ್ಮಾದಿ ನಿಂತೇ ಕುಡಿದ. ನಾಲಗೆ ಸುಟ್ಟಿತು. ಉಗಿಸಿಕೊಂಡು ಬರಲು ಹೋದವನು ಸಿಹಿ ಚಹಾ ಕುಡಿದು ಬಂದ.

ಮರುದಿನ ಜಾವಕ್ಕೆ ಸಾದಕ್ ಬಂದು ಹಾರ್ನ್ ಮಾಡಿದಾಗ ಅವನು ಎದ್ದು ಹೋದ. ಹೋಗದಿರಲು ಒಂದು ಕಾರಣ ಹೇಳಬೇಕಿತ್ತು, ಹೇಳುವುದಕ್ಕೆ ಬಾಯಿ ತೆರೆದಾಗ ಜಲೀಲಾ ಬುತ್ತಿ ತಂದು ಕೈಗಿಟ್ಟಳು. ಇವತ್ತು ತಮ್ಮದೇ ನೀರಿಗೆ ಹೋಗುವುದೆಂದು ಅವಳಿಗೆ ಅವಳಣ್ಣ ಹೇಳಿದ್ದ. ದೋಣಿ ಕಾಲುವೆಗೆ ತಿರುಗುವಾಗ ಆಕಾಶ ಬೂದಿ ಬಣ್ಣಕ್ಕೆ ಬಂದಿತ್ತು, ಗಾಳಿ ಪಡುವಣದಿಂದ ಇತ್ತು. ಬೇಲಿಯ ಮುರಿದ ಜಾಗದಲ್ಲಿ ಯಾರೋ ನಿಂತಿದ್ದರು.

"ಮುದುಕನಿಗೆ ನಿದ್ದೆಯಿಲ್ಲ," ಎಂದ ಸಾದಕ್. "ನೋಡು ಭಾವ, ನಿನ್ನ ಆಳು ಬೆಳಗ್ಗೆಯೇ ಕೆಲಸಕ್ಕೆ ಬಂದಿದ್ದಾನೆ. ಕೈ ಬೀಸು." ಅವನು ಚುಕ್ಕಾಣಿಯನ್ನು ಮರ್ಯಾದೆಯಿಂದ ಕಾಲುವೆಯ ಆಚೆ ಬದಿಗೆ ತಿರುಗಿಸಿದ. "ಅವನಿಗೆ ತೊಂದರೆ ಬೇಡ. ಈಚೆಯಿಂದ ಎಳೆಯುವ. ಬಲೆ ಬಿಡು."

ಕಾಕ ಸೊಂಟಮಟ್ಟ ನೀರಿನಲ್ಲಿ ಬೆನ್ನು ಹಾಕಿ ಗರಿ ಊರುತ್ತಿದ್ದ. ನಿನ್ನೆ ಉಳಿದ ಗರಿಗಳು. ಅದರಲ್ಲಿ ಏನೂ ಬರುವುದಿಲ್ಲವೆಂದು ಈಗ ಅವನಿಗೆ ಗೊತ್ತು. ಗೊತ್ತಿದ್ದೂ ಎದೆಯ ಭಾರ ಹಾಕಿ ಒತ್ತುತ್ತಿದ್ದ. ಹಮ್ಮಾದಿ ಬಲೆ ಇಳಿಸುವ ರಾಟೆಯ ಹಿಡಿಕೆಯನ್ನು ಸಡಿಲಿಸಿದ. ಬಲೆಯ ಬಾಯಿಗೆ ಕಟ್ಟಿದ, ತಳ ಕೆರೆಯುವ ಸರಪಣಿ ನೀರಿಗೆ ಇಳಿಯತೊಡಗಿತು. ಒಂದು ಮಾರು ಇಳಿದಿತ್ತೋ ಏನೋ, ಅವನ ಕೈ ಹಿಡಿಕೆಯನ್ನು ಹಿಂದಕ್ಕೆ ಎಳೆದು ನಿಂತಿತು. ಹಾಗೆ ಮಾಡಬೇಕೆಂದು ಅವನು ಯೋಚಿಸಿರಲಿಲ್ಲ.

"ಏನಾಯ್ತು?" ಸಾದಕ್ ಮುಂದಿನಿಂದ ಕೂಗಿದ.

"ಸಿಕ್ಕಿಕೊಂಡಿದೆ."

"ಎಲ್ಲಿ?"

"ಇಲ್ಲೇ."

ಸಾದಕ್ ಬಯ್ದುಕೊಳ್ಳುತ್ತಾ ಚುಕ್ಕಾಣಿ ಬಿಟ್ಟು ಹಿಂದಕ್ಕೆ ಬಂದ. ರಾಟೆಯನ್ನು ನೋಡಿದ, ಸರಪಣಿ ನೋಡಿದ. ಎಲ್ಲೂ ಏನೂ ಸಿಕ್ಕಿಕೊಂಡಿರಲಿಲ್ಲ. ಕೊನೆಗೆ ಹಿಡಿಕೆಯ ಮೇಲೆ ಬಿಳಿಚಿಕೊಂಡಿದ್ದ ಬೆರಳುಗಳನ್ನು ನೋಡಿದ.

"ಕೈ ತೆಗಿ, ಭಾವ."

ಹಮ್ಮಾದಿ ತೆಗೆಯಲಿಲ್ಲ. ಸಾದಕ್ ಅವನ ಮಣಿಕಟ್ಟು ಹಿಡಿದ. ಆ ಹಿಡಿತದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿಯಿತ್ತು, ಮನೆಯವರೊಬ್ಬರು ಇದ್ದಕ್ಕಿದ್ದಂತೆ ಹುಚ್ಚುಹುಚ್ಚಾಗಿ ಆಡಿದರೆ ಆಗುವ ಗಾಬರಿ. ಅಷ್ಟರಲ್ಲಿ ಗಾಳಿ ದೋಣಿಯ ಮೂತಿಯನ್ನು ತಿರುಗಿಸಿಬಿಟ್ಟಿತ್ತು. ಅದು ನೇರ ಬೇಲಿಯ ಕಡೆ ಹೊರಟಿತ್ತು. ಕಾಕ ತಿರುಗಿ, ಗರಿಯನ್ನು ಎರಡು ಕೈಯಲ್ಲೂ ಮೇಲೆತ್ತಿ ಕೂಗಿದ. ಪೊರೆಗಣ್ಣಿಗೆ ಯಾರ ದೋಣಿಯೆಂದು ಕಾಣುತ್ತಿರಲಿಲ್ಲ. "ಓಯ್! ಇಲ್ಲಿ ಬೇಲಿ ಉಂಟು! ಇಲ್ಲಿ ಮನುಷ್ಯ ಇದ್ದಾನೆ!"

ಸಾದಕ್ ಕೈ ಬಿಟ್ಟು ಓಡಿಹೋಗಿ ಚುಕ್ಕಾಣಿ ಹಿಡಿದ. ದೋಣಿ ವಾಲಿ ತಿರುಗಿ, ಬೇಲಿಯನ್ನು ತಾಗದೆ ದಾಟಿ, ಅರ್ಧ ಸುತ್ತು ಹಾಕಿ ಮತ್ತೆ ಕಾಲುವೆಗೆ ಬಂತು. ಅವನು ಮತ್ತೆ ಚುಕ್ಕಾಣಿ ಬಿಟ್ಟು ಬರುವುದಕ್ಕೆ ಒಂದು ಹೆಜ್ಜೆ ಇಟ್ಟ. ಮೂತಿ ಮತ್ತೆ ತಿರುಗಿತು. ಅವನು ವಾಪಸು ಹೋದ.

"ಹಮ್ಮಾದಿ! ಹುಚ್ಚಾ ನಿಂಗೆ? ಬಿಡೋ ಅದನ್ನ!"

ಬಿಟ್ಟರೆ ಸರಪಣಿ ತಳಕ್ಕೆ ಹೋಗುತ್ತದೆ. ಬಿಡದಿದ್ದರೆ ನಾಳೆ ಸಾದಕ್ ಬೇರೆಯವನನ್ನು ಕರೆತರುತ್ತಾನೆ, ಜಲೀಲಾ ಮಾತು ಬಿಡುತ್ತಾಳೆ, ಅಂಗಡಿಯಲ್ಲಿ ಹೆದಿಗೆ ಇನ್ನೊಂದು ಮಾತು ಸಿಗುತ್ತದೆ. ಕಡಲಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ, ನೀರು ತಣ್ಣಗಾಗುವುದಿಲ್ಲ. ಎಲ್ಲವೂ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಆದರೂ ಇನ್ನೊಂದು ಕೈಯನ್ನೂ ಹಿಡಿಕೆಗೆ ಕೊಟ್ಟ. ನೀರಿನಲ್ಲಿ ಕಾಕ ಎತ್ತಿದ ಗರಿಯನ್ನು ಇಳಿಸಲಿಲ್ಲ. ಇಳಿಸಿದರೆ ದೋಣಿ ಬಂದೀತೆಂದು ಹಾಗೇ ನಿಂತಿದ್ದ. ಎಂಜಿನ್ ನಿಲ್ಲಿಸಿದರೂ ಗಾಳಿ ದೋಣಿಯನ್ನು ಬೇಲಿಗೇ ತಳ್ಳುತ್ತಿತ್ತು; ಸಾದಕ್ ಚುಕ್ಕಾಣಿ ಬಿಟ್ಟು ಬರುವ ಹಾಗಿರಲಿಲ್ಲ. ಹಮ್ಮಾದಿ ಹಿಡಿಕೆ ಬಿಡುವ ಹಾಗಿರಲಿಲ್ಲ. ಹೊತ್ತು ಹುಟ್ಟಿ, ಬಿಸಿಲು ಮೂವರ ಕತ್ತಿನ ಹಿಂದೆ ಬಿದ್ದು ಕಾಯತೊಡಗಿತು. ಎಂಜಿನ್ ಒಂದೇ ಸಮನೆ ಗುಟುರು ಹಾಕುತ್ತಾ, ದೋಣಿ ಆ ಪುಟ್ಟ ಪಾಲಿನ ಸುತ್ತ ಸುತ್ತುತ್ತಲೇ ಇತ್ತು.